ಗಂಡಭೇರುಂಡ ಹೊತ್ತ ವಿಮಾನಗಳೂ ಸಹಿಯುಳ್ಳ ಭಾವಚಿತ್ರಗಳೂ

ಎರಡನೆಯ ಮಹಾಯುದ್ಧದ ದಿನಗಳಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಿಂದ ಮೇಲೆದ್ದು, ನಡುವಣ ಕಡಲನ್ನು ದಾಟಿ, ಶತ್ರುವಶವಾಗಿದ್ದ ಫ್ರಾನ್ಸಿನ ಮೇಲೆ ಹಾರಾಡುತ್ತಿದ್ದ ಸ್ಪಿಟ್‌ಫೈರ್ ವಿಮಾನಗಳ ಒಂದು ದಳಕ್ಕೆ ಮೈಸೂರೆಂಬ ಹೆಸರಿತ್ತೆಂಬುದೂ, ಆ ದಳದ ಅಧಿಕೃತ ಲಾಂಛನದಲ್ಲಿ ನಮ್ಮ ಸಂಸ್ಥಾನದ ಗಂಡಭೇರುಂಡವೇ ವಿರಾಜಿಸುತ್ತಿತ್ತೆಂಬುದೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳ ಓದುಗರಲ್ಲಿ ಬಹುಮಂದಿಗೆ ಹೊಸ ಸಂಗತಿಯಾಗಿ ತೋರಬಹುದು. ಬ್ರಿಟನ್ನಿನ ವಾಯುಪಡೆಯ 129ನೆಯ ದಳವದು. 1941ರ ಜೂನ್ 16ರಂದು ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ಅದು ರೂಪುಗೊಂಡಿತು. ಅದರ ವೆಚ್ಚಕ್ಕಾಗಿ ಮೈಸೂರು ಸಂಸ್ಥಾನವು ದೇಣಿಗೆಯಿತ್ತುದರಿಂದ ‘ಮೈಸೂರು ದಳ’ವೆಂಬ ನಾಮಧೇಯವು ಅದಕ್ಕೆ ಶಾಶ್ವತವಾಗಿ ಸೇರಿಕೊಂಡಿತು. 1942ರ ಆಗಸ್ಟ್ 19ರಂದು ಫ್ರಾನ್ಸಿನ ಡಿಯಪ್ ಬಂದರಿನ ಮೇಲೆ ನಡೆದ, ಮಿತ್ರಪಕ್ಷಕ್ಕೆ ಬಲು ದುಬಾರಿಯಾಗಿ ಪರಿಣಮಿಸಿದ ದಾಳಿಯಲ್ಲಿ ಅದು ಪಾಲ್ಗೊಂಡಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳನ್ನು ಪಡೆದು, ಲಂಡನ್ನಿನತ್ತ ಹಾರಿಬರುತ್ತಿದ್ದ ಜರ್ಮನರ ಚಾಲಕರಹಿತ ಹಾರುಬಾಂಬುಗಳನ್ನು ಆಕಾಶದಲ್ಲಿಯೇ ಅಡ್ಡಗಟ್ಟುವ ಕಾರ್ಯವನ್ನೂ ಮಾಡಿತು. ಹೈದರಾಬಾದಿನ ನಿಜಾಮರ ಹೆಸರಿನಲ್ಲಿಯೂ ಇಂಥ ದಳಗಳಿದ್ದವು. ಅವುಗಳಲ್ಲೊಂದರ ಲಾಂಛನ ನಿಜಾಮರ ಪೇಟ.

ಇಂಥ ದೇಣಿಗೆಗಳಿಗೆ ಅಂದು ಒಂದು ಕ್ರಮವೇ ಏರ್ಪಟ್ಟಿತ್ತು. ಒಂದು ಸ್ಪಿಟ್‌ಫೈರಿಗೆ 5,000 ಪೌಂಡೆಂದು ಒಂದು ದುಂಡು ಮೊತ್ತವನ್ನು ಗೊತ್ತುಮಾಡಿ, ಅಷ್ಟನ್ನು ಕೊಟ್ಟ ಊರಿನದೋ ಸಂಘದ್ದೋ ಸಂಸ್ಥಾನದ್ದೋ ಹೆಸರನ್ನು ವಿಮಾನದ ಮುಂಭಾಗದಲ್ಲಿ ಬರೆಯಿಸುತ್ತಿದ್ದರು; ಇಡೀ ದಳಕ್ಕೆ ಸಾಲುವಷ್ಟು ಕೊಟ್ಟವರ ಹೆಸರು ದಳಕ್ಕೇ ಸಲ್ಲುತ್ತಿತ್ತು. ಆದರೆ ಸಂಸ್ಥಾನದ ಬೊಕ್ಕಸವೆಂಬುದು ಮೋಡದಿಂದ ತುಂಬುವ ಕೆರೆಯಲ್ಲವಷ್ಟೆ. ತುಮಕೂರು ಜಿಲ್ಲೆಯ ಈ ಬಡಗಣ ಬಯಲುಸೀಮೆಯಲ್ಲಿ ರಾಗಿಯನ್ನೂ ಹುರುಳಿಯನ್ನೂ ಕಡಲೆಕಾಯಿಯನ್ನೂ ಬೆಳೆದು ಕಂದಾಯ ಕಟ್ಟಿದ ರೈತನ ಕಾಸೂ ಅದರಲ್ಲಿ ಸೇರಿತ್ತು. ಮಧುಗಿರಿಯ ಏಕಶಿಲಾಬೆಟ್ಟದ ನೆರಳಲ್ಲಿ ಬಾಳಿದವನೊಬ್ಬನು, ತಾನು ಕಾಣದ ದೇಶದಲ್ಲಿ, ತಾನು ಕಾಣದ ಯಂತ್ರಕ್ಕೆ, ತನ್ನನ್ನು ಯಾರೂ ಕೇಳದೆಯೇ ಎಣ್ಣೆ ತುಂಬಿಸಿದ್ದನು. ಕಗ್ಗಲಡುವಿನ ಮರಗಳಿಗೆ ವರ್ಷವರ್ಷವೂ ಬಂದಿಳಿಯುವ ಬಣ್ಣದ ಕೊಕ್ಕರೆಗಳನ್ನು ಬಲ್ಲ ಶಿರಾ ಸೀಮೆಯವರು ಗಂಡಭೇರುಂಡವನ್ನು ದೇವಾಲಯದ ಶಿಲ್ಪದಲ್ಲಿಯೂ ಸರ್ಕಾರದ ಮೊಹರಿನಲ್ಲಿಯೂ ಮಾತ್ರ ಕಂಡವರು. ಅದು ಗಂಟೆಗೆ ಐದುನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹಾರಿದ ಕಾಲವೂ ಒಂದಿತ್ತೆಂಬುದು ನನಗಂತೂ ಪ್ರಿಯವಾದ ವಿಷಯ.

ಈ ಪೀಠಿಕೆಗೆ ಕಾರಣವುಂಟು. ಯುದ್ಧಕಾಲದ ವೈಮಾನಿಕರ ಸಹಿಯುಳ್ಳ ಭಾವಚಿತ್ರಗಳನ್ನು ಸಂಗ್ರಹಿಸುವುದು ಯೂರೋಪು ಅಮೆರಿಕಗಳಲ್ಲಿ ನೂರು ವರ್ಷಗಳಿಗೂ ಮೀರಿದ ಹವ್ಯಾಸ. ಅಂಚೆಚೀಟಿಯನ್ನೂ ಹಳೆಯ ನಾಣ್ಯವನ್ನೂ ಕೂಡಿಹಾಕುವ ಅಭಿರುಚಿ ನಮ್ಮ ಸಣ್ಣ ಊರುಗಳಲ್ಲಿಯೂ ಚೆನ್ನಾಗಿ ಬೇರೂರಿದೆ. ಅಲ್ಲಿಂದ ಈ ಹವ್ಯಾಸಕ್ಕೆ ಹೆಚ್ಚು ದೂರವಿಲ್ಲ. ಹೊಸದಾಗಿ ಆರಂಭಿಸುವ ತರುಣರು ಮೊದಲು ಹುಡುಕುವುದು ಜಗತ್ಪ್ರಸಿದ್ಧರ ಹೆಸರುಗಳನ್ನೇ. ಎಲ್ಲಿ ಹುಡುಕಬೇಕು, ಯಾವುದನ್ನು ನಂಬಬೇಕು, ಯಾವುದಕ್ಕೆ ಬೆಲೆ ಕಟ್ಟಬೇಕು ಎಂಬ ವಿಚಾರದಲ್ಲಿ ಎರಡು ಮಾತನ್ನು ಹೇಳುವುದು ಅಪ್ರಸ್ತುತವಾಗಲಾರದು.

ಹವ್ಯಾಸದ ಮೂಲವು ಮೊದಲನೆಯ ಮಹಾಯುದ್ಧದ ಜರ್ಮನಿಯಲ್ಲಿದೆ. ಕೆಸರಿನ ಕಂದಕಗಳಲ್ಲಿ ಲಕ್ಷೋಪಲಕ್ಷ ಜನ ಹೆಸರಿಲ್ಲದೆ ಸಾಯುತ್ತಿದ್ದ ಆ ಯುದ್ಧದಲ್ಲಿ, ಒಬ್ಬನಿಗೊಬ್ಬನು ಎದುರಾಗಿ ಕಾದುವ ಹಳೆಯ ಕಾಲದ ವೀರನಿಗೆ ಉಳಿದಿದ್ದ ಸ್ಥಳವೆಂದರೆ ಆಕಾಶವೊಂದೇ. ಬರ್ಲಿನ್ನಿನ ಸಾಂಕೆ ಎಂಬ ಪ್ರಕಾಶಕನು ಇದನ್ನರಿತು, ಬೋಲ್ಕೆ, ಇಮ್ಮೆಲ್‌ಮನ್, ರಿಖ್ತೋಫೆನ್ ಮೊದಲಾದ ವೈಮಾನಿಕರ ಛಾಯಾಚಿತ್ರಗಳನ್ನು ಕ್ರಮಸಂಖ್ಯೆಯುಳ್ಳ ಅಂಚೆಕಾರ್ಡುಗಳಾಗಿ ಅಚ್ಚುಹಾಕಿಸಿ ಮಾರಿದನು. ಶಾಲೆಯ ಹುಡುಗರು ಅವನ್ನು ಕೊಂಡು ವೈಮಾನಿಕರಿಗೇ ಕಳುಹಿಸಿ ಸಹಿ ಬೇಡುತ್ತಿದ್ದರು. ಬೋಲ್ಕೆ 1916ರ ಅಕ್ಟೋಬರಿನಲ್ಲಿಯೂ, ಎಂಬತ್ತು ವಿಮಾನಗಳನ್ನು ಬೀಳಿಸಿದನೆಂಬ ಕೀರ್ತಿಯ ರಿಖ್ತೋಫೆನ್ 1918ರ ಏಪ್ರಿಲಿನಲ್ಲಿಯೂ ಮಡಿದರು; ಆದುದರಿಂದ ಅವರ ನಿಜವಾದ ಸಹಿಯುಳ್ಳ ಕಾರ್ಡು ಇಂದು ಸಾಮಾನ್ಯನ ಕೈಗೆಟುಕುವ ವಸ್ತುವಲ್ಲ. ಅದೇ ಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ ಹಾರಿ, ಕೆಲವೇ ದಿನಗಳಲ್ಲಿ ಹತ್ತು ವಿಜಯಗಳನ್ನು ಗಳಿಸಿ, 1918ರ ಜುಲೈ 22ರಂದು ಇಪ್ಪತ್ತು ತುಂಬುವ ಮೊದಲೇ ಅಸುನೀಗಿದ ಕಲ್ಕತ್ತೆಯ ಇಂದ್ರಲಾಲ್ ರಾಯ್ ಎಂಬ ತರುಣನ ಹೆಸರಿನಲ್ಲಿ ಯಾವ ಅಂಗಡಿಯವನೂ ಕಾರ್ಡು ಅಚ್ಚುಹಾಕಿಸಲಿಲ್ಲ.

ಸಹಿಯುಳ್ಳ ಚಿತ್ರದ ಆಕರ್ಷಣೆ ಎಲ್ಲಿದೆಯೆಂಬುದನ್ನು ತಿಳಿಯಬೇಕಾದರೆ ನಮ್ಮ ಹೊಲದ ಬದುಗಳಲ್ಲಿಯೂ ಊರಬಾಗಿಲಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ಒಮ್ಮೆ ಸ್ಮರಿಸುವುದು ಲೇಸು. ತುರುಗಳನ್ನು ಬಿಡಿಸಿಕೊಳ್ಳುವಾಗಲೋ ಊರನ್ನು ಕಾಯುವಾಗಲೋ ಮಡಿದವನನ್ನು ಶಿಲ್ಪಿಯು ಕೆಳಗಣ ಪಟ್ಟಿಕೆಯಲ್ಲಿ ಕಾದುವಂತೆಯೂ, ನಡುವಿನದರಲ್ಲಿ ಅಪ್ಸರೆಯರೊಡನೆ ಮೇಲೇರುವಂತೆಯೂ, ಮೇಲಣದರಲ್ಲಿ ಶಿವಸಾನ್ನಿಧ್ಯದಲ್ಲಿ ಇರುವಂತೆಯೂ ಕಡೆದಿದ್ದಾನೆ. ಆದರೆ ಆ ಮುಖ ಆ ವೀರನ ಮುಖವಲ್ಲ. ಎಲ್ಲ ವೀರರಿಗೂ ಅದೇ ಮುಖ. ಹೆಸರಿದ್ದರೆ ಅದನ್ನು ಬರೆದದ್ದು ಪರರ ಕೈ. ಸಹಿಯುಳ್ಳ ಭಾವಚಿತ್ರದಲ್ಲಿ ಇವೆರಡೂ ಬೇರೆಯಾಗಿವೆ: ಮುಖ ಅವನದೇ, ಅಕ್ಷರವೂ ಅವನದೇ. ಬದುಕಿದ್ದ ಒಬ್ಬ ಮನುಷ್ಯನು ಒಂದು ಗಳಿಗೆ ಈ ಕಾಗದದ ಮೇಲೆ ಕೈಯೂರಿದ್ದನೆಂಬ ಪ್ರತ್ಯಯವನ್ನೇ ಸಂಗ್ರಾಹಕನು ಹಣ ಕೊಟ್ಟು ಕೊಳ್ಳುವುದು; ಮಿಕ್ಕುದೆಲ್ಲ ಬರಿಯ ಕಾಗದ.

ಆ ಪ್ರತ್ಯಯವು ಸುಳ್ಳಾದರೆ ಏನೂ ಉಳಿಯದು. ಆದಕಾರಣ ಪರೀಕ್ಷೆಯ ವಿಧಾನವನ್ನು ತುಸು ವಿಸ್ತರಿಸಿಯೇ ಹೇಳಬೇಕು. ಮೊದಲನೆಯದಾಗಿ, ಸಹಿಯೇ ಚಿತ್ರದ ಜೊತೆಗೆ ಅಚ್ಚಾಗಿರಬಹುದು. ಪ್ರಕಾಶಕರು ವೈಮಾನಿಕನ ಹಸ್ತಾಕ್ಷರವನ್ನು ಅಚ್ಚಿನಲ್ಲಿಯೇ ಸೇರಿಸಿ ಮಾರಿದ ಕಾರ್ಡುಗಳು ಹೇರಳವಾಗಿವೆ. ಅವು ಮೋಸವಲ್ಲ, ಆದರೆ ಅವನ್ನು ಮುಂದೆ ಮಾರುವವನು ಮೋಸಗಾರನಾಗಬಹುದು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯಿಂದ ನೋಡಿದರೆ ಅಚ್ಚಿನ ಗೆರೆ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣಬಹುದು. ಮಸಿಯ ಗೆರೆಯಾದರೋ ಅಖಂಡವಾಗಿ, ಒತ್ತಿದಲ್ಲಿ ದಪ್ಪನಾಗಿ, ಎತ್ತಿದಲ್ಲಿ ಎಳೆಯಾಗಿ, ಒಂದು ಗೆರೆ ಇನ್ನೊಂದನ್ನು ದಾಟುವೆಡೆಯಲ್ಲಿ ಗಾಢವಾಗಿ ತೋರುತ್ತದೆ. ನುಣುಪಾದ ಹೊಳಪಿನ ಛಾಯಾಚಿತ್ರದ ಮೇಲೆ ಶಾಯಿಪೆನ್ನಿನ ಮಸಿ ಸರಿಯಾಗಿ ಹಿಡಿಯದೆ ಹನಿಗಟ್ಟುವುದುಂಟು. ಬಾಲ್‌ಪೆನ್ನಾದರೆ ಗೀರು ಕಾಗದದಲ್ಲಿ ತಗ್ಗಾಗಿ ಕುಳಿತಿರುತ್ತದೆ, ಚಿತ್ರವನ್ನು ಓರೆಯಾಗಿ ಬೆಳಕಿಗೆ ಹಿಡಿದಾಗ ಅದು ಕಾಣುತ್ತದೆ. 1943ರ ತಾರೀಖುಳ್ಳ ಸಹಿಯು ಸ್ಕೆಚ್‌ಪೆನ್ನಿನದೆಂದು ತೋರಿದರೆ ಮುಂದೆ ವಿಚಾರಣೆಯ ಅಗತ್ಯವೇ ಇಲ್ಲ.

ಅನಂತರ, ಅನ್ಯರ ಕೈ. ಪ್ರಸಿದ್ಧನಾದವನಿಗೆ ದಿನಕ್ಕೆ ಚೀಲಗಟ್ಟಲೆ ಪತ್ರಗಳು ಬರುವಾಗ ಕಾರ್ಯದರ್ಶಿಯೋ ಹೆಂಡತಿಯೋ ಅವನ ಪರವಾಗಿ ಸಹಿ ಹಾಕಿದ ಉದಾಹರಣೆಗಳುಂಟು. ಲೇಖನಿಯನ್ನು ಹಿಡಿದು ಒಂದೇ ಸಹಿಯನ್ನು ಸಾವಿರ ಬಾರಿ ಗೀಚುವ ಯಂತ್ರಗಳೂ ಬಂದವು. ಅಂಥ ಸಹಿಯಲ್ಲಿ ಒತ್ತಡವು ಆದಿಯಿಂದ ಅಂತ್ಯದವರೆಗೆ ಒಂದೇ ಸಮ. ಎರಡು ಪ್ರತಿಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಅವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡರೆ, ಅದುವೇ ಸುಳ್ಳಿಗೆ ಸಾಕ್ಷಿ. ಮನುಷ್ಯನಾದವನು ತನ್ನ ಹೆಸರನ್ನು ಎರಡು ಸಲ ಒಂದೇ ರೀತಿ ಬರೆಯಲಾರನು. ಕಾಗದದ ವಯಸ್ಸನ್ನು ಕಂಡುಹಿಡಿಯುವ ಉಪಾಯವೂ ಒಂದಿದೆ. ಛಾಯಾಚಿತ್ರದ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕವನ್ನು ಬೆರೆಸುವ ಪದ್ಧತಿ ಬಳಕೆಗೆ ಬಂದುದು 1950ರ ದಶಕದಲ್ಲಿ. ನೋಟುಗಳನ್ನು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟಿರುವ ನೇರಳೆ ದೀಪದ ಕೆಳಗೆ ಅಂಥ ಕಾಗದವು ನೀಲಿಬಿಳುಪಾಗಿ ಹೊಳೆಯುತ್ತದೆ. ‘ಯುದ್ಧಕಾಲದ್ದು’ ಎಂದು ಮಾರಾಟಕ್ಕೆ ಬಂದ ಚಿತ್ರವು ಹಾಗೆ ಹೊಳೆದರೆ ಅದರ ಮುದ್ರಣ ಯುದ್ಧಾನಂತರದ್ದೆಂದು ತಿಳಿಯತಕ್ಕದ್ದು.

ಆದರೆ ಯುದ್ಧಾನಂತರದ್ದಾದ ಮಾತ್ರಕ್ಕೆ ಸಹಿ ಕೃತಕವೆಂದೇನೂ ಅಲ್ಲ. ಮಾರುಕಟ್ಟೆಯಲ್ಲಿರುವ ಬಹುಪಾಲು ಚಿತ್ರಗಳು ಮುದುಕರಾದ ವೈಮಾನಿಕರು ತಮ್ಮ ತಾರುಣ್ಯದ ಛಾಯಾಚಿತ್ರದ ಮರುಮುದ್ರಣದ ಮೇಲೆ, ನಡುಗುವ ಕೈಯಿಂದ ಸಹಿ ಹಾಕಿಕೊಟ್ಟವು. ವೃದ್ಧನ ಅಕ್ಷರವೂ ತರುಣನ ಅಕ್ಷರವೂ ಬೇರೆ ಬೇರೆ, ಬೆಲೆಯೂ ಬೇರೆ. ಇನ್ನೊಂದು ವಿಚಿತ್ರ: ‘ಇಂಥವರಿಗೆ ಪ್ರೀತಿಯಿಂದ’ ಎಂದು ಯಾರದೋ ಹೆಸರು ಬರೆದು ಸಹಿ ಹಾಕಿದ ಚಿತ್ರಕ್ಕೆ ಹರಾಜಿನಲ್ಲಿ ಬೆಲೆ ಕಡಮೆ. ಪರರ ಹೆಸರಿನ ಚಿತ್ರ ತನ್ನ ಗೋಡೆಗೇಕೆ ಎಂದು ಹಣವಂತನು ಯೋಚಿಸುತ್ತಾನೆ. ನನ್ನ ಅಭಿಪ್ರಾಯದಲ್ಲಿ ಇದು ತಿರುಗುಮುರುಗಾದ ನ್ಯಾಯ. ಬರೆದ ಅಕ್ಷರಗಳು ಹೆಚ್ಚಿದಷ್ಟೂ ಕೃತ್ರಿಮ ಮಾಡುವವನ ಕಷ್ಟ ಹೆಚ್ಚುತ್ತದೆ, ನಂಬಿಕೆಗೆ ಆಧಾರವೂ ಹೆಚ್ಚುತ್ತದೆ. ಜೊತೆಯಲ್ಲಿ ಬಂದ ಪತ್ರ, ಅಂಚೆಮೊಹರಿರುವ ಲಕೋಟೆ, ಕೊಟ್ಟವರ ವಿವರ ಇವನ್ನು ಬಿಸಾಡದೆ ಇಟ್ಟುಕೊಂಡವನೇ ಜಾಣ.

ಹವ್ಯಾಸದ ಇನ್ನೊಂದು ಮುಖವು ಅಷ್ಟು ಹಿತವಾದುದಲ್ಲ. ಅತ್ಯಂತ ಸುಲಭವಾಗಿ ಸಿಕ್ಕುವ ಸಹಿಗಳಲ್ಲಿ ಹಿಟ್ಲರನ ವಾಯುಪಡೆಯವರ ಸಹಿಗಳೂ ಸೇರಿವೆ. 352 ವಿಮಾನಗಳನ್ನು ಬೀಳಿಸಿದನೆಂದು ದಾಖಲೆಯಿರುವ ಎರಿಕ್ ಹಾರ್ಟ್‌ಮನ್ ರಷ್ಯದಲ್ಲಿ ಹತ್ತು ವರ್ಷ ಸೆರೆಯಿದ್ದು 1955ರಲ್ಲಿ ಬಿಡುಗಡೆಯಾಗಿ ಬಂದ ಮೇಲೆ, 1993ರಲ್ಲಿ ತೀರಿಕೊಳ್ಳುವವರೆಗೆ, ಅಸಂಖ್ಯಾತ ಚಿತ್ರಗಳಿಗೆ ಸಹಿ ಹಾಕಿದನು. ಹಿರೋಷಿಮದ ಮೇಲೆ 1945ರ ಆಗಸ್ಟ್ 6ರಂದು ಅಣುಬಾಂಬನ್ನು ಕೆಡವಿದ ವಿಮಾನದ ಚಾಲಕ ಪಾಲ್ ಟಿಬೆಟ್ಸ್, ಆ ವಿಮಾನದ ಛಾಯಾಚಿತ್ರಕ್ಕೆ ದಶಕಗಳ ಕಾಲ ಸಹಿ ಹಾಕಿಕೊಡುತ್ತ ಬಂದನು. ಆದರೆ ತನ್ನ ಸಮಾಧಿಗೆ ಕಲ್ಲು ನೆಡಬಾರದೆಂದು ಹೇಳಿ 2007ರಲ್ಲಿ ಸತ್ತನು, ಪ್ರತಿಭಟಿಸುವವರಿಗೆ ಅದೊಂದು ನೆಲೆಯಾದೀತೆಂಬ ಆತಂಕದಿಂದ. ಇಂಥ ಚಿತ್ರವನ್ನು ಇತಿಹಾಸದ ದಾಖಲೆಯೆಂದು ಕಪಾಟಿನಲ್ಲಿಡುವುದು ಒಂದು. ನಡುಮನೆಯಲ್ಲಿ ತೂಗುಹಾಕುವುದು ಇನ್ನೊಂದು. ಎರಡನೆಯದು ನನ್ನಿಂದಾಗದು.

ಹಾಗೆಂದು ಶತ್ರುಗಳ ಸಹಿಯೆಲ್ಲ ವರ್ಜ್ಯವೆಂದಲ್ಲ. ಜರ್ಮನಿಯ ಗಾಲಂಡ್ ಮತ್ತು ಬ್ರಿಟನ್ನಿನ ಸ್ಟ್ಯಾನ್‌ಫರ್ಡ್ ಟಕ್ ಯುದ್ಧದಲ್ಲಿ ಎದುರಾಳಿಗಳಾಗಿದ್ದು, 1942ರಲ್ಲಿ ಫ್ರಾನ್ಸಿನಲ್ಲಿ ಕೆಳಗುರುಳಿ ಸೆರೆಯಾದ ಟಕ್‌ನನ್ನು ಗಾಲಂಡನು ಊಟಕ್ಕೆ ಕರೆದು ಸತ್ಕರಿಸಿ, ಮುಂದೆ ಇಬ್ಬರೂ ಜೀವನಪರ್ಯಂತ ಸ್ನೇಹಿತರಾದರು. ಬ್ರಿಟನ್ನಿನ ಚಿತ್ರಕಾರ ರಾಬರ್ಟ್ ಟೇಲರ್ ರಚಿಸಿದ ವಿಮಾನಯುದ್ಧದ ಚಿತ್ರಗಳ ಮುದ್ರಿತ ಪ್ರತಿಗಳಿಗೆ ಹೀಗೆ ಉಭಯಪಕ್ಷದ ಹಿರಿಯರೂ ಸಹಿ ಹಾಕುವ ಪರಿಪಾಠ ಬಂತು. ನಮ್ಮ ಉಪಖಂಡದಲ್ಲಿಯೂ ಇದಕ್ಕೆ ಸಮನಾದ ಪ್ರಸಂಗವುಂಟು. 1971ರ ನವೆಂಬರ್ 22ರಂದು ಪೂರ್ವಗಡಿಯ ಬೊಯ್ರಾದ ಮೇಲೆ ಮ್ಯಾಸಿ, ಗಣಪತಿ, ಲಾಜರಸ್, ಸೋರಿಸ್ ಎಂಬ ನಾಲ್ವರು ನಮ್ಮ ತರುಣರು, ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿಯೂ ತಯಾರಾಗುತ್ತಿದ್ದ ನ್ಯಾಟ್ ಎಂಬ ಪುಟ್ಟ ವಿಮಾನಗಳಲ್ಲಿ ಹಾರಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಕೆಡವಿದರು. ಅಂದು ಸೆರೆಯಾದ ಪರ್ವೇಜ್ ಮೆಹದಿ ಖುರೇಷಿ ಕಾಲಾನಂತರ ತಮ್ಮ ದೇಶದ ವಾಯುಪಡೆಗೇ ಮುಖ್ಯಸ್ಥರಾದಾಗ ಲಾಜರಸ್ ಅವರು ಅಭಿನಂದನೆಯ ಪತ್ರ ಬರೆದರು. ಅದಕ್ಕೆ ಉತ್ತರವೂ ಬಂತು. ನನ್ನನ್ನು ಕೇಳಿದರೆ, ಅಂಥ ಒಂದು ಉತ್ತರದ ಕೆಳಗಣ ಸಹಿಯ ಮುಂದೆ ಹರಾಜಿನ ಹತ್ತು ಚಿತ್ರಗಳು ಸಾಟಿಯಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಹಿಯುಳ್ಳ ಚಿತ್ರದ ಹವ್ಯಾಸವು ಬದುಕಿ ಉಳಿದವರ ಪಕ್ಷಪಾತಿ. ಎಂಬತ್ತು ವರ್ಷ ಬಾಳಿದವನು ಹತ್ತು ಸಾವಿರ ಸಹಿ ಬಿಟ್ಟುಹೋಗುತ್ತಾನೆ. ಮೂವತ್ತೆರಡಕ್ಕೆ ಮಡಿದವನು ಹಾರಾಟದ ದಿನಚರಿಪುಸ್ತಕದಲ್ಲಿಯೂ ಮನೆಗೆ ಬರೆದ ಕಾಗದಗಳಲ್ಲಿಯೂ ಮಾತ್ರ ಉಳಿಯುತ್ತಾನೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ವೃತ್ತಾಂತವನ್ನು ನೋಡಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ 1ನೆಯ ದಳದಲ್ಲಿ ಅವರು ಕಾದಿರಿಸಿದ ವಿಮಾನದ ಚಾಲಕರಾಗಿದ್ದರು. ದಾಳಿಯ ಬಳಿಕ ಬೆನ್ನಟ್ಟಿದ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ಹೆಚ್ಚು ವೇಗವುಳ್ಳ ಸ್ಟಾರ್‌ಫೈಟರನ್ನು ಎದುರಿಸಿ, ಅದನ್ನು ಕೆಡವಿ, ತಾವೂ ಆ ನೆಲದಲ್ಲಿಯೇ ಬಿದ್ದರು. ಆ ಎದುರಾಳಿ ವೈಮಾನಿಕನು ಧುಮುಕುಕೊಡೆಯ ನೆರವಿನಿಂದ ಬದುಕಿದನು. ನಮ್ಮ ಕಡೆಯ ಲೆಕ್ಕದಲ್ಲಿ ದೇವಯ್ಯನವರು ‘ಕಾಣೆಯಾದವರು’. ಕಂಡವರು ಯಾರೂ ಹಿಂದಿರುಗಿರಲಿಲ್ಲ. 1979ರಲ್ಲಿ ಪ್ರಕಟವಾದ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನ ಪುಸ್ತಕದಿಂದ ನಿಜಸಂಗತಿ ಹೊರಬಿದ್ದು, 1988ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ಅನಂತರ, ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು. ಇಪ್ಪತ್ತಮೂರು ವರ್ಷಗಳ ಕಾಲ ಆ ಮನೆಯವರಿಗೆ ಒದಗಿದ್ದುದು ಗೋಡೆಯ ಮೇಲಣ ಚಿತ್ರ, ಗತಿ ತಿಳಿಯದ ಮನುಷ್ಯ. ಅಂಥವರ ಸಹಿ ಯಾವ ಹರಾಜಿನ ಪಟ್ಟಿಯಲ್ಲಿಯೂ ಬಾರದು. ಬಂದರೆ ಮೊದಲು ಸಂಶಯಪಡಬೇಕು.

ಅದೇ ಯುದ್ಧದಲ್ಲಿ, ಕದನವಿರಾಮಕ್ಕೆ ಕೇವಲ ಒಂದು ದಿನ ಮುಂಚೆ ಕೆಳಗುರುಳಿ ಸೆರೆಯಾದವರು ಕೆ.ಸಿ. ಕಾರ್ಯಪ್ಪನವರು, ಮುಂದೆ ಫೀಲ್ಡ್ ಮಾರ್ಷಲ್ ಪದವಿಯನ್ನು ಪಡೆದ ಕೆ.ಎಂ. ಕಾರ್ಯಪ್ಪನವರ ಮಗ. ಅವಿಭಕ್ತ ಭಾರತದ ಸೈನ್ಯದಲ್ಲಿ ತಂದೆಯವರನ್ನು ಬಲ್ಲ, ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಮಗನನ್ನು ಮೊದಲೇ ಬಿಡುವುದಾಗಿ ಹೇಳಿಕಳುಹಿಸಿದರೂ, ಉಳಿದ ಸೆರೆಯಾಳುಗಳಿಗಿಲ್ಲದ ಉಪಚಾರ ಅವನಿಗೂ ಬೇಡವೆಂದು ತಂದೆ ನಿರಾಕರಿಸಿದರು. ಮಗ ಹಿಂದಿರುಗಿ ಬಂದು ಏರ್ ಮಾರ್ಷಲರಾಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು.

ಆದುದರಿಂದ ನಮ್ಮ ಸಂಗ್ರಾಹಕನು ವಿದೇಶದ ಹರಾಜುಗಳತ್ತ ಕಣ್ಣು ಹಾಯಿಸುವ ಮೊದಲು ಬಳಿಯಲ್ಲಿರುವುದನ್ನು ನೋಡಲಿ. ನಮ್ಮಲ್ಲಿ ಸಹಿ ಸೇರುವ ರೂಢಿ ಚಿತ್ರಕ್ಕಿಂತಲೂ ಲಕೋಟೆಯ ಮೇಲೆ. ವಾಯುಪಡೆಯ ದಳಗಳ ಬೆಳ್ಳಿಹಬ್ಬ, ಸುವರ್ಣಮಹೋತ್ಸವಗಳಂದು ಸೇನಾ ಅಂಚೆ ಇಲಾಖೆಯು ಹೊರಡಿಸುವ ವಿಶೇಷ ಲಕೋಟೆಗಳು ಅಲ್ಪಬೆಲೆಗೆ ದೊರೆಯುತ್ತವೆ. ಆ ದಳದಲ್ಲಿ ಹಾರಿದ ನಿವೃತ್ತರೊಬ್ಬರು ಅದರ ಮೇಲೆ ಹೆಸರು ಬರೆದುಕೊಟ್ಟರೆ ಅದು ಚಿತ್ರಕ್ಕೂ ಮೇಲಾದ ದಾಖಲೆ. ಇಂಥವರು ಬೆಂಗಳೂರಿನಲ್ಲಿ ಬಹುಮಂದಿ ನೆಲಸಿದ್ದಾರೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ, ಜಾಲಹಳ್ಳಿ ಯಲಹಂಕಗಳ ವಾಯುನೆಲೆಗಳು, ವಿಮಾನ ಪರೀಕ್ಷಣ ಕೇಂದ್ರ ಇವೆಲ್ಲ ಇಲ್ಲಿರುವುದರಿಂದ ಯುದ್ಧ ಕಂಡವರು ಈ ಊರಿನಲ್ಲಿಯೇ ಉಳಿದುಕೊಂಡರು. 1961ರ ಜೂನ್ 17ರಂದು ಮರುತ್ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದ, 1970ರ ಜನವರಿಯಲ್ಲಿ ಅದೇ ಮಾದರಿಯ ವಿಮಾನದಲ್ಲಿ ಪ್ರಾಣಬಿಟ್ಟ ಸುರಂಜನ್ ದಾಸರ ಹೆಸರಿನ ರಸ್ತೆಯಲ್ಲಿ ನಮ್ಮ ಕಡೆಯಿಂದ ಕೆಲಸಕ್ಕೆ ಹೋದವರು ದಿನನಿತ್ಯ ಓಡಾಡುತ್ತಾರೆ. ಅಷ್ಟೇಕೆ, 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ ಆರಂಭವಾಯಿತು. ಶಿರಾ ಪಾವಗಡಗಳ ಆಚೆ ಚಳ್ಳಕೆರೆಯ ಕಾವಲಿನಲ್ಲಿ ವಿಮಾನಗಳನ್ನು ಪರೀಕ್ಷಿಸುವ ಬಯಲು 2017ರಿಂದ ಕೆಲಸ ಮಾಡುತ್ತಿದೆ.

ಸಹಿ ಕೇಳುವುದಕ್ಕೂ ಒಂದು ಮರ್ಯಾದೆ ಇದೆ. ಹಿರಿಯರಿಗೆ ಕೈಬರಹದಲ್ಲಿ ಚಿಕ್ಕ ಪತ್ರ ಬರೆದು, ತಮ್ಮ ಪರಿಚಯ ಹೇಳಿಕೊಂಡು, ಸ್ವಂತ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿರಿಸಬೇಕು. ಒಂದೇ ಸಲಕ್ಕೆ ಹತ್ತು ಪ್ರತಿಗಳನ್ನು ಕಳುಹಿಸುವವನು ವ್ಯಾಪಾರಿಯೆಂದು ಅವರಿಗೆ ಕೂಡಲೇ ತಿಳಿಯುತ್ತದೆ. ಉತ್ತರ ಬಾರದಿದ್ದರೆ ಮತ್ತೆ ಕಾಡಬಾರದು.

ಇನ್ನು ಮನೆಯೊಳಗಣ ಚಿತ್ರಗಳ ಮಾತು. ವಾಯುಪಡೆಯಲ್ಲಿ ಹಾರುವವರು ಕೆಲವರೇ. ವಿಮಾನವನ್ನು ಹಾರಲು ಸಿದ್ಧಮಾಡುವ ಫಿಟ್ಟರು, ರೇಡಿಯೋದವರು, ಆಯುಧ ತುಂಬುವವರು ಬಹುಮಂದಿ, ಹಳ್ಳಿಗಳಿಂದ ಹೋದವರು ಸಾಮಾನ್ಯವಾಗಿ ಈ ವರ್ಗದವರು. ಅಂಥವರು ತಮ್ಮ ದಳದ ವೈಮಾನಿಕರೊಡನೆ ಸಾಲಾಗಿ ನಿಂತು ತೆಗೆಸಿಕೊಂಡ ಗುಂಪಿನ ಚಿತ್ರವೂ, ಅದರ ಹಿಂಬದಿಯಲ್ಲಿ ಹಾಕಿಸಿಕೊಂಡ ಸಹಿಗಳೂ ಪಿಂಚಣಿ ಕಾಗದಗಳೊಡನೆ ಟ್ರಂಕಿನಲ್ಲಿ ಬಿದ್ದಿರುವುದು ಅಸಂಭವವಲ್ಲ. ಇವಕ್ಕೆ ಒದಗುವ ಮೊದಲ ಶತ್ರು ಗೆದ್ದಲಲ್ಲ, ನಮ್ಮ ಪ್ರೀತಿಯೇ. ಬಸ್‌ಸ್ಟ್ಯಾಂಡಿನ ಬಳಿಯ ಅಂಗಡಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದರೆ ಕಾವಿಗೂ ಅಂಟಿಗೂ ಸಿಕ್ಕಿದ ಚಿತ್ರವನ್ನು ಮರಳಿ ಬಿಡಿಸುವಂತಿಲ್ಲ. ಗಾಜಿಗೆ ಒತ್ತಿ ಕಟ್ಟು ಹಾಕಿಸಿದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೇ ಅಂಟಿಕೊಳ್ಳುತ್ತದೆ. ನಡುವೆ ದಪ್ಪ ಕಾಗದದ ಅಂಚಿರಬೇಕು. ತೀರಿಕೊಂಡವರ ಚಿತ್ರಕ್ಕೆ ಹಾರ ಹಾಕಿ ಗಂಧವಿಡುವುದು ನಮ್ಮ ಸಂಪ್ರದಾಯ, ಅದು ನಡೆಯಲಿ. ಆದರೆ ಅದಕ್ಕೆ ಮೂಲವನ್ನು ತೆಗೆದು ಇನ್ನೊಂದು ಪ್ರತಿ ಮಾಡಿಸಿ ತೂಗುಹಾಕಿ, ಸಹಿಯುಳ್ಳ ಮೂಲವನ್ನು ಬಿಸಿಲು ತಾಗದ ಕಡೆ, ಹುಳಿಯಿಲ್ಲದ ಕಾಗದದ ನಡುವೆ ಇಡಬೇಕು. ಬಿಸಿಲು ಬೀಳುವ ಗೋಡೆಯಲ್ಲಿ ಶಾಯಿಯ ಸಹಿ ಕೆಲವು ವರ್ಷಗಳಲ್ಲಿಯೇ ಮಾಸುತ್ತದೆ, ಮುಖ ಉಳಿದಿರುತ್ತದೆ.

ಮನೆಯಲ್ಲಿ ಅಂಥ ಚಿತ್ರವಿದ್ದು, ಅದರಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇನ್ನೂ ಇದ್ದರೆ, ಯಾರು ಯಾರು ನಿಂತಿದ್ದಾರೆ, ಯಾವ ನೆಲೆ, ಯಾವ ವರ್ಷ, ಯಾರ ಸಹಿ ಎಂಬುದ‌ನ್ನು ಅವರಿಂದ ಕೇಳಿ ಬರೆದಿಡುವುದು ಈ ವರ್ಷವೇ ಆಗಬೇಕಾದ ಕೆಲಸ. ಚಿತ್ರದ ಬೆನ್ನ ಮೇಲೆ ಬರೆಯುವುದಾದರೆ ಬಾಲ್‌ಪೆನ್ ಬೇಡ, ಮೃದುವಾದ ಪೆನ್ಸಿಲ್ ಸಾಕು. ಅದನ್ನೂ ಅಂಚಿನ ಬಳಿ, ಹಗುರವಾಗಿ, ಗಟ್ಟಿಯಾದ ಹಲಗೆಯ ಮೇಲಿಟ್ಟುಕೊಂಡು ಬರೆಯಬೇಕು, ಒತ್ತಿದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ.